ದಾಳಿಯ ಮರುದಿನ

ಪತ್ರಿಕೆಯ ಜಿಲ್ಲಾ ಪುಟದ ಮೂಲೆಯಲ್ಲಿ ಆಗಾಗ ಒಂದು ಸುದ್ದಿ ಬರುತ್ತದೆ. ಲಾಡ್ಜ್ ಮೇಲೆ ಪೊಲೀಸರ ದಾಳಿ, ಇಬ್ಬರ ಬಂಧನ, ಅಪ್ರಾಪ್ತೆ ಸೇರಿ ಮೂವರ ರಕ್ಷಣೆ. ನಾಲ್ಕೈದು ಸಾಲು, ಅಷ್ಟೇ. ಸದ್ಯ ಹುಡುಗಿ ಪಾರಾದಳಲ್ಲ ಎಂದುಕೊಂಡು ನಾವು ಪುಟ ತಿರುವುತ್ತೇವೆ. ನಮಗೆ ಸುದ್ದಿ ಅಲ್ಲಿಗೆ ಮುಗಿಯಿತು. ಮರುದಿನದಿಂದ ಅವಳಿಗೆ ಏನಾಯಿತು ಎಂಬುದು ಯಾವ ಪುಟದಲ್ಲೂ ಬರುವುದಿಲ್ಲ.

ಆ ರಾತ್ರಿಯನ್ನು ಅವಳ ಕಡೆಯಿಂದ ನೋಡಬೇಕು. ಹದಿನಾಲ್ಕೋ ಹದಿನೈದೋ ವಯಸ್ಸು. ಪೊಲೀಸರ ಕೈಗೆ ಸಿಕ್ಕರೆ ಜೈಲಿಗೆ ಹಾಕುತ್ತಾರೆ, ಊರಿಗೆಲ್ಲ ಗೊತ್ತಾಗುತ್ತದೆ ಎಂದು ಅಡ್ಡೆ ನಡೆಸುವ ಘರವಾಲಿ ತಿಂಗಳುಗಟ್ಟಲೆ ಹೆದರಿಸಿಟ್ಟಿದ್ದಾಳೆ. ಕೊನೆಗೆ ಬಾಗಿಲು ತಟ್ಟಿ ಒಳಗೆ ಬರುವವರು ಪೊಲೀಸರೇ. ಜೀಪು, ಠಾಣೆ, ಹೆಸರು ಕೇಳುವವರು, ಮತ್ತೆ ಅದೇ ಹೆಸರನ್ನು ಕೇಳುವ ಇನ್ನೊಬ್ಬರು. ಆಸ್ಪತ್ರೆಯಲ್ಲಿ ಪರೀಕ್ಷೆ. ವಯಸ್ಸಿಗೆ ದಾಖಲೆ ಇಲ್ಲದಿದ್ದರೆ ಮೂಳೆಯ ಎಕ್ಸ್‌ರೇ. ಇಪ್ಪತ್ತನಾಲ್ಕು ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರು. ಅಲ್ಲಿಂದ ಬಾಲಮಂದಿರ. ಅದರ ಗೇಟಿಗೂ ಬೀಗ. ಈ ಒಂದೊಂದು ಹೆಜ್ಜೆಗೂ ಕಾನೂನಿನಲ್ಲಿ ಕಾರಣವಿದೆ, ಒಳ್ಳೆಯ ಕಾರಣವೇ ಇದೆ. ಆದರೆ ಹುಡುಗಿಗೆ ಕಾಣುವುದೇ ಬೇರೆ. ಮೊದಲು ಅವರು ಬೀಗ ಹಾಕಿದ್ದರು, ಈಗ ಇವರು ಹಾಕಿದ್ದಾರೆ. ತನ್ನ ಕೋಣೆಗೆ ಬಂದುಹೋದ ಗಂಡಸರು ಮಾತ್ರ ತಮ್ಮ ತಮ್ಮ ಮನೆಗಳಲ್ಲಿದ್ದಾರೆ.

ಮಕ್ಕಳನ್ನು ಮೈಮಾರಾಟಕ್ಕೆ ಸಾಗಿಸುವ ಅಪರಾಧದ ವಿಷಯದಲ್ಲಿ ನಾವು ಇಡುವ ಲೆಕ್ಕ ಬಿಡಿಸಿ ತಂದವರದು. ಇಷ್ಟು ದಾಳಿ, ಇಷ್ಟು ರಕ್ಷಣೆ. ಹಾಗೆ ಬಿಡಿಸಿ ತಂದ ಹುಡುಗಿ ಹತ್ತು ವರ್ಷದ ಮೇಲೆ ಎಲ್ಲಿದ್ದಾಳೆ, ಏನು ಮಾಡುತ್ತಿದ್ದಾಳೆ ಎಂಬ ಲೆಕ್ಕವನ್ನು ಇಟ್ಟವರು ಕಡಿಮೆ. ಪುನರ್ವಸತಿಯೆಂದರೆ ನಿಜವಾದ ಕೆಲಸ ಮುಗಿದ ಮೇಲೆ ಕರುಣೆಯಿಂದ ಮಾಡುವ ಉಪಕಾರ ಎಂಬ ಭಾವನೆ ಸರ್ಕಾರದಲ್ಲೂ ಇದೆ, ನಮ್ಮಲ್ಲೂ ಇದೆ. ನನ್ನ ವಾದ ಇದಕ್ಕೆ ವಿರುದ್ಧ. ಬಿಡಿಸಿ ತಂದವಳಿಗೆ ಕಾಲೂರಲು ನೆಲ ಸಿಗದಿದ್ದರೆ ಅವಳನ್ನು ಮತ್ತೆ ಕರೆದೊಯ್ಯಲು ಅದೇ ಏಜೆಂಟ್ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿರುತ್ತಾನೆ. ಅವನು ಬಾರದಿದ್ದರೆ ಅವಳೇ ಹೋಗುತ್ತಾಳೆ. ಆಗ ಹಿಂದಿನ ದಾಳಿ ಇದ್ದೂ ಇಲ್ಲದಂತೆ.

ಮೊದಲು ಭಾಷೆಯನ್ನು ತಿದ್ದಿಕೊಳ್ಳಬೇಕು. ‘ಬಾಲವೇಶ್ಯೆ’ ಎಂಬ ಪದ ಬಹಳ ಕಾಲ ವರದಿಗಳಲ್ಲಿ ಚಲಾವಣೆಯಲ್ಲಿತ್ತು. ಈ ಪದ ಬಳಸಿದ ಕೂಡಲೇ ಮಗು ವ್ಯಾಪಾರ ಮಾಡುವವಳಾಗುತ್ತಾಳೆ, ಬಂದವನು ಗಿರಾಕಿಯಾಗುತ್ತಾನೆ. 2012ರ ಪೋಕ್ಸೊ ಕಾಯ್ದೆಯ ಮುಂದೆ ಹದಿನೆಂಟರೊಳಗಿನ ಮಗುವಿನ ‘ಒಪ್ಪಿಗೆ’ಗೆ ಯಾವ ಬೆಲೆಯೂ ಇಲ್ಲ. ದುಡ್ಡು ಕೊಟ್ಟಿದ್ದೆ ಎಂದರೆ ರಿಯಾಯಿತಿಯೂ ಇಲ್ಲ. 2019ರ ತಿದ್ದುಪಡಿಯ ನಂತರ ಮಗುವಿನ ಮೇಲಿನ ಅತ್ಯಾಚಾರಕ್ಕೆ ಕನಿಷ್ಠ 10 ವರ್ಷ, ಮಗು ಹದಿನಾರರೊಳಗಿನದಾದರೆ ಕನಿಷ್ಠ 20 ವರ್ಷ ಶಿಕ್ಷೆ. ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ ಸಾಗಿಸಿದವರನ್ನು ಹಿಡಿದರೆ, 144ನೇ ಕಲಂ ಹಾಗೆ ಸಾಗಿಸಿ ತಂದ ಮಗುವನ್ನು ಬಳಸಿಕೊಂಡವನನ್ನು ಹಿಡಿಯುತ್ತದೆ. ಕಾನೂನು ಇಷ್ಟು ಸ್ಪಷ್ಟವಾಗಿರುವಾಗ ಸುದ್ದಿಯಲ್ಲಿ ‘ಗಿರಾಕಿ’ ಎಂದು ಬರೆಯುವುದು ತಪ್ಪು. ಅವನು ಅತ್ಯಾಚಾರದ ಆರೋಪಿ. ಅವನ ಹೆಸರಿನಲ್ಲೇ ಎಫ್‌ಐಆರ್ ಆಗಬೇಕು. ದುಡ್ಡು ಬರುವುದು ಅವನ ಜೇಬಿನಿಂದ. ಆ ಜೇಬನ್ನು ಮುಟ್ಟದೆ ತಲೆಹಿಡುಕರನ್ನಷ್ಟೇ ಹಿಡಿಯುತ್ತಾ ಹೋದರೆ ಒಬ್ಬ ಹೋದ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ.

ಈ ಮಕ್ಕಳು ಹೋಗುವ ದಾರಿಯ ಬಗ್ಗೆಯೂ ನಮ್ಮ ಕಲ್ಪನೆ ತಪ್ಪಾಗಿದೆ. ಮಕ್ಕಳ ಕಳ್ಳರೆಂದರೆ ಕಾರಿನಲ್ಲಿ ಬಂದು ಚಾಕೊಲೇಟ್ ಕೊಡುವ ಅಪರಿಚಿತರು ಎಂದೇ ನಂಬಿದ್ದೇವೆ. 2018ರಲ್ಲಿ ಇದೇ ನಂಬಿಕೆ ವಾಟ್ಸ್‌ಆ್ಯಪ್ ವದಂತಿಯಾಗಿ ಹಬ್ಬಿ, ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದಿದ್ದ ತರುಣ ಎಂಜಿನಿಯರ್ ಒಬ್ಬರನ್ನು ಜನ ಹೊಡೆದು ಕೊಂದರು. ಅಪರಿಚಿತನ ಮೇಲೆ ಕಲ್ಲೆತ್ತುವ ಊರೇ ಪರಿಚಿತನ ಕೈಯಲ್ಲಿ ಮಗಳನ್ನು ಕಳಿಸಿಕೊಡುತ್ತದೆ. ಕರೆದೊಯ್ಯುವವಳು ದೂರದ ಅತ್ತೆ, ಪಕ್ಕದ ಓಣಿಯ ಅಕ್ಕ. ಪುಣೆಯಲ್ಲಿ ಮನೆಗೆಲಸ, ಬೆಂಗಳೂರಿನಲ್ಲಿ ಬ್ಯೂಟಿ ಪಾರ್ಲರ್, ಊಟ ವಸತಿ ಕೊಟ್ಟು ತಿಂಗಳಿಗಿಷ್ಟು ಸಂಬಳ, ಮುಂಗಡ ಈಗಲೇ. ಇಲ್ಲವೇ ಫೋನಿನಲ್ಲಿ ಪರಿಚಯವಾಗಿ ಮದುವೆಯಾಗುತ್ತೇನೆಂದ ಹುಡುಗ. ಮಳೆ ಕೈಕೊಟ್ಟ ವರ್ಷ, ಅಪ್ಪ ಅಮ್ಮ ಕಬ್ಬು ಕಡಿಯಲು ಗುಳೆ ಹೋದ ತಿಂಗಳು, ಮನೆಯಲ್ಲಿ ಕಾಯಿಲೆ ಬಿದ್ದು ಸಾಲ ಏರಿದ ಹೊತ್ತು ಇಂಥವರು ಬರುತ್ತಾರೆ. ಅವರಿಗೆ ಆ ಮನೆಯ ಕಷ್ಟ ನಮಗಿಂತ ಚೆನ್ನಾಗಿ ಗೊತ್ತು.

ಉತ್ತರ ಕರ್ನಾಟಕದಲ್ಲಿ ಇದಕ್ಕೆ ದೇವರ ಹೆಸರಿನ ಒಂದು ದಾರಿಯೂ ಇತ್ತು. ಸವದತ್ತಿ ಎಲ್ಲಮ್ಮನ ಹೆಸರಿನಲ್ಲಿ, ಬೇರೆ ಬೇರೆ ದೇವತೆಗಳ ಹೆಸರಿನಲ್ಲಿ ಎಳೆಯ ಹುಡುಗಿಯರಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಮಾಡಿದರು. ಮೈನೆರೆದ ಮೇಲೆ ಅವರಲ್ಲಿ ಎಷ್ಟೋ ಜನ ಮುಂಬೈನ ಕಾಮಾಠಿಪುರಕ್ಕೂ ಪುಣೆಯ ಬುಧವಾರ ಪೇಟೆಗೂ ಹೋದರು. ಮುತ್ತು ಕಟ್ಟಿಸಿಕೊಂಡವರು ಬಹುಪಾಲು ದಲಿತ ಕುಟುಂಬದವರು ಎಂಬುದನ್ನು ಮರೆಯಬಾರದು. ಭಕ್ತಿ ಎಲ್ಲ ಜಾತಿಗಳಲ್ಲೂ ಇತ್ತು. ಮಗಳನ್ನು ಕೊಡುವ ಸರದಿ ಮಾತ್ರ ಒಂದೇ ಕಡೆಗೆ ಬಂತು. ಮುಂಬೈ ಪ್ರಾಂತ್ಯ 1934ರಲ್ಲೇ ಕಾನೂನು ಮಾಡಿತ್ತು, ಕರ್ನಾಟಕ 1982ರಲ್ಲಿ ಸಮರ್ಪಣೆಯನ್ನು ನಿಷೇಧಿಸಿತು. ಹೀಗಿದ್ದೂ 1993–94 ಮತ್ತು 2007–08ರ ಎರಡು ಸಮೀಕ್ಷೆಗಳಲ್ಲಿ ಒಟ್ಟು 46,660 ದೇವದಾಸಿಯರು ಲೆಕ್ಕಕ್ಕೆ ಸಿಕ್ಕರು. ಅಷ್ಟೂ ಜನರನ್ನು ನಗರಗಳಿಗೆ ಸಾಗಿಸಿದ್ದರು ಎಂದಲ್ಲ. ಆದರೆ ಬಾಲ್ಯದಲ್ಲೇ ಮಗಳ ಮೈಯನ್ನು ಊರಿಗೆ ಒಪ್ಪಿಸಿಬಿಡುವ ಪದ್ಧತಿ ಇರುವಲ್ಲಿ ದಲ್ಲಾಳಿ ಹೆಚ್ಚು ಕಷ್ಟಪಡಬೇಕಾಗಿಲ್ಲ.

ಜಾಗವನ್ನು ಕೆಡವಿದರೆ ದಂಧೆ ನಿಲ್ಲುತ್ತದೆ ಎನ್ನುವವರಿದ್ದಾರೆ. ಗೋವಾದ ವಾಸ್ಕೊ ಬಳಿಯ ಬೈನಾ ಕಡಲತೀರದಲ್ಲಿ ಇದನ್ನು ಮಾಡಿ ನೋಡಿದ್ದಾಗಿದೆ. ಅಲ್ಲಿದ್ದ ಹೆಣ್ಣುಮಕ್ಕಳಲ್ಲಿ ಕರ್ನಾಟಕದವರೂ ಆಂಧ್ರದವರೂ ಬಹಳ ಜನ. 2004ರ ಜೂನ್‌ನಲ್ಲಿ, ಮಳೆಗಾಲದ ಹೊಸ್ತಿಲಲ್ಲಿ, ಬುಲ್ಡೋಜರ್‌ಗಳು ದಂಧೆ ನಡೆಯುತ್ತಿದ್ದ ಗುಡಿಸಲುಗಳನ್ನು ನೆಲಸಮ ಮಾಡಿದವು. ಹೆಣ್ಣುಮಕ್ಕಳು ಚದುರಿದರು, ದಂಧೆಯೂ ಅವರ ಜೊತೆಗೇ ಚದುರಿತು. ಒಂದು ಓಣಿಯಲ್ಲಿ ಕಣ್ಣಿಗೆ ಬೀಳುತ್ತಿದ್ದದ್ದು ಬಾಡಿಗೆ ಕೋಣೆಗಳಿಗೂ ಲಾಡ್ಜ್‌ಗಳಿಗೂ ಹೋಯಿತು. ಮಗುವನ್ನು ಹುಡುಕುವುದು ಇದರಿಂದ ಇನ್ನೂ ಕಷ್ಟವಾಯಿತೇ ಹೊರತು ಸುಲಭವಾಗಲಿಲ್ಲ. ಈಗ ಎಲ್ಲ ಫೋನಿನಲ್ಲೇ ನಡೆಯುವ ಕಾಲದಲ್ಲಿ ಕೆಡವಲು ಗೋಡೆಯೇ ಇಲ್ಲ.

ಹಾಗಾದರೆ ಏನು ಕೆಲಸ ಮಾಡುತ್ತದೆ? ಬೆಳಗಾವಿ ಜಿಲ್ಲೆಯ ಘಟಪ್ರಭಾವನ್ನು ನೋಡಬಹುದು. ಸೀತವ್ವ ಜೋಡಟ್ಟಿ ಅವರಿಗೆ ಏಳನೇ ವಯಸ್ಸಿನಲ್ಲಿ ಮುತ್ತು ಕಟ್ಟಿದ್ದರು. ಮುಂದೆ ಅವರು ತಮ್ಮಂಥ ಮಾಜಿ ದೇವದಾಸಿಯರ ಜೊತೆ ಸೇರಿ ‘ಮಾಸ್’ ಎಂದು ಜನ ಕರೆಯುವ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯನ್ನು ಬೆಳೆಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಪ್ರಶಸ್ತಿಗಿಂತ ಅವರ ಕೆಲಸದ ರೀತಿ ಇಲ್ಲಿ ಮುಖ್ಯ. ಯಾವ ಜಾತ್ರೆಯ ಹುಣ್ಣಿಮೆಗೆ ಯಾರು ಮಗಳನ್ನು ಕರೆದೊಯ್ಯಲು ಹೊರಟಿದ್ದಾರೆ, ಯಾವ ಮನೆಯಲ್ಲಿ ಹುಡುಗಿಯ ತಲೆಯಲ್ಲಿ ಜಡೆ ಗಂಟುಕಟ್ಟಿದ್ದನ್ನು ದೇವಿಯ ಕರೆ ಎಂದು ಹೆದರಿಸಿದ್ದಾರೆ ಎಂಬುದು ಪೊಲೀಸರಿಗೆ ಗೊತ್ತಾಗುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಆ ದಾರಿಯನ್ನು ನಡೆದು ಬಂದ ಹೆಂಗಸಿಗೆ ಅದು ಮೊದಲೇ ಗೊತ್ತಾಗುತ್ತದೆ. ಅವಳು ಹೋಗಿ ತಾಯಿಯ ಮುಂದೆ ಕುಳಿತು ‘ನನ್ನ ನೋಡವ್ವಾ’ ಎಂದರೆ ಆ ಮಾತಿಗೆ ಇರುವ ತೂಕ ಯಾವ ಅಧಿಕಾರಿಯ ಭಾಷಣಕ್ಕೂ ಇಲ್ಲ. ಬದುಕು ಕಟ್ಟಿಕೊಂಡ ಒಬ್ಬಳು ಇನ್ನೂ ಹತ್ತು ಮಕ್ಕಳಿಗೆ ಕಾವಲಾಗುವುದು ಹೀಗೆ. ಪುನರ್ವಸತಿಯೇ ತಡೆ ಎಂದು ನಾನು ಹೇಳುವುದು ಇದನ್ನು ಕಂಡು.

ಇದಕ್ಕೆ ಪ್ರತಿಯಾಗಿ ನಾವು ಸಾಮಾನ್ಯವಾಗಿ ಕೊಡುವುದು ಬೀಗ ಹಾಕಿದ ಕಟ್ಟಡ. ಕಟ್ಟಡದೊಳಗೆ ಯಾರಿದ್ದಾರೆ ಎಂದು ನೋಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬಿಹಾರದ ಮುಜಫ್ಫರ್‌ಪುರ ಸಾಕ್ಷಿ. ಸರ್ಕಾರದ ಹಣದಲ್ಲಿ ನಡೆಯುತ್ತಿದ್ದ ಬಾಲಕಿಯರ ಆಶ್ರಯಧಾಮದಲ್ಲೇ ಮಕ್ಕಳ ಮೇಲೆ ಅತ್ಯಾಚಾರ ನಡೆಯುತ್ತಿತ್ತು. ಟಾಟಾ ಸಮಾಜ ವಿಜ್ಞಾನ ಸಂಸ್ಥೆಯವರು ಒಳಗೆ ಹೋಗಿ ಮಕ್ಕಳನ್ನು ಮಾತಾಡಿಸಿದ ಮೇಲೆ, 2018ರಲ್ಲಿ, ಅದು ಹೊರಬಿತ್ತು. ನಡೆಸುತ್ತಿದ್ದವನಿಗೆ 2020ರಲ್ಲಿ ದೆಹಲಿಯ ನ್ಯಾಯಾಲಯ ಜೀವಾವಧಿ ಶಿಕ್ಷೆ ಕೊಟ್ಟಿತು. ಅದಕ್ಕೂ ಬಹಳ ಹಿಂದೆ, 1991ರಲ್ಲಿ, ಗೋವಾದ ಮಡಗಾಂವಿನಲ್ಲಿ ಅನಾಥಾಲಯದ ಹೆಸರಿನಲ್ಲಿ ಹುಡುಗರನ್ನು ವಿದೇಶಿಯರಿಗೆ ಒದಗಿಸುತ್ತಿದ್ದ ಫ್ರೆಡ್ಡಿ ಪೀಟ್ಸ್ ಸಿಕ್ಕಿಬಿದ್ದಿದ್ದ. ಗಂಡುಮಕ್ಕಳಿಗೂ ಹೀಗಾಗುತ್ತದೆ ಎಂದು ದೇಶಕ್ಕೆ ಗೊತ್ತಾಗಿದ್ದೇ ಆಗ. ಇಂದಿಗೂ ಹುಡುಗರ ವಿಷಯ ಬಂದಾಗ ನಾವು ಬಾಯಿ ಬಿಡುವುದಿಲ್ಲ. ಒಳ್ಳೆಯ ಧಾಮಗಳು ಇಲ್ಲವೆಂದಲ್ಲ; ಇಬ್ಬರು ಪತ್ರಕರ್ತ ಮಿತ್ರರು ಕಟ್ಟಿದ ಮೈಸೂರಿನ ಒಡನಾಡಿ ದಶಕಗಳಿಂದ ಈ ಕೆಲಸದಲ್ಲಿದೆ. ಆದರೆ ಯಾವ ಧಾಮವನ್ನೂ, ಎಷ್ಟೇ ಹೆಸರಿದ್ದರೂ, ನಂಬಿಕೆಯ ಮೇಲೆ ಬಿಡಬಾರದು. ಹೊರಗಿನವರು ಹೋಗಿ ಮಕ್ಕಳನ್ನು ಒಬ್ಬೊಬ್ಬರಾಗಿ ಮಾತಾಡಿಸುವ ತಪಾಸಣೆ ತಪ್ಪದೆ ನಡೆಯಬೇಕು.

ಧಾಮದಲ್ಲಿ ಇನ್ನೊಂದು ಕಷ್ಟವಿದೆ. ಹುಡುಗಿ ಮಾತಾಡುವುದಿಲ್ಲ, ಊಟ ಬಿಡುತ್ತಾಳೆ, ಕೈ ಕುಯ್ದುಕೊಳ್ಳುತ್ತಾಳೆ. ಕೆಲವೊಮ್ಮೆ ತನ್ನನ್ನು ಮಾರಿದವನ ಬಗ್ಗೆಯೇ ಒಳ್ಳೆಯ ಮಾತಾಡುತ್ತಾಳೆ, ಗೋಡೆ ಹಾರಿ ಅವನಲ್ಲಿಗೆ ಓಡುತ್ತಾಳೆ. ಆಗ ಸಿಬ್ಬಂದಿ ‘ಇವಳಿಗೆ ಅದೇ ರೂಢಿಯಾಗಿದೆ’ ಎಂದುಬಿಡುತ್ತಾರೆ. ಇದಕ್ಕಿಂತ ಕ್ರೂರವಾದ ಮಾತಿಲ್ಲ. ಹೊಡೆದವನೇ ಅನ್ನವನ್ನೂ ಕೊಟ್ಟಿದ್ದಾನೆ, ಅವನನ್ನು ಬಿಟ್ಟು ಅವಳಿಗೆ ಜಗತ್ತಿನಲ್ಲಿ ಬೇರೆ ಯಾರೂ ಗೊತ್ತಿಲ್ಲದಂತೆ ಮಾಡಿದ್ದಾನೆ. ಆ ಗಂಟು ಬಿಚ್ಚಲು ವರ್ಷಗಳು ಬೇಕು, ಆ ವರ್ಷಗಳುದ್ದಕ್ಕೂ ಬದಲಾಗದೆ ಉಳಿಯುವ ಒಬ್ಬ ಮನುಷ್ಯ ಬೇಕು. ಆಪ್ತಸಮಾಲೋಚಕರನ್ನು ಗುತ್ತಿಗೆಯ ಮೇಲೆ ತೆಗೆದುಕೊಂಡು, ಸಂಬಳ ಬಾಕಿ ಉಳಿಸಿ, ಅವರು ಬಿಟ್ಟುಹೋದ ಮೇಲೆ ಹೊಸಬರನ್ನು ತಂದರೆ ಹುಡುಗಿ ತನ್ನ ಕಥೆಯನ್ನು ಪ್ರತಿ ಸಲವೂ ಹೊಸಬರಿಗೆ ಮೊದಲಿಂದ ಹೇಳಬೇಕಾಗುತ್ತದೆ.

ಅವಳಿಗೆ ಕಲಿಸುವುದು ಏನು? ಹೊಲಿಗೆ. ಅಗರಬತ್ತಿ. ಮೇಣದಬತ್ತಿ. ಹೊಲಿಗೆ ಕೀಳು ಕೆಲಸವಲ್ಲ. ಆದರೆ ನಿನಗೇನು ಬೇಕು ಎಂದು ಕೇಳದೆ ಎಲ್ಲರನ್ನೂ ಒಂದೇ ಯಂತ್ರದ ಮುಂದೆ ಕೂರಿಸುವುದರ ಹಿಂದೆ, ಇವರಿಗೆ ಇಷ್ಟು ಸಾಕು ಎಂಬ ಲೆಕ್ಕಾಚಾರ ಇದೆ. ಎಸ್ಸೆಸ್ಸೆಲ್ಸಿ ಮುಗಿಸಬೇಕೆಂದವಳನ್ನು ಓದಿಸಬೇಕು, ನರ್ಸ್ ಆಗಬೇಕೆಂದವಳಿಗೆ ಶುಲ್ಕ ಕಟ್ಟಬೇಕು. ವರ ಹುಡುಕಿ ಮದುವೆ ಮಾಡಿಸಿ ಜವಾಬ್ದಾರಿ ತೀರಿತು ಎನ್ನುವುದನ್ನಂತೂ ನಾನು ಒಪ್ಪಲಾರೆ. ಮದುವೆಯ ಆಸೆ ತೋರಿಸಿಯೇ ಎಷ್ಟೋ ಹುಡುಗಿಯರನ್ನು ಮಾರಿದ್ದಾರೆ. ಅವಳು ತಾನಾಗಿ ಬಯಸುವವರೆಗೆ ಆ ಮಾತನ್ನು ಇನ್ನೊಬ್ಬರು ಎತ್ತಬಾರದು.

ಹಣದ ಮಾತನ್ನೂ ಆಡಬೇಕು. ಪರಿಹಾರ ಅವಳ ಹಕ್ಕು, ಯಾರ ಭಿಕ್ಷೆಯೂ ಅಲ್ಲ. ಪೋಕ್ಸೊ ಪ್ರಕರಣಗಳಲ್ಲಿ ತೀರ್ಪಿಗೆ ಕಾಯದೆ ಮಧ್ಯಂತರ ಪರಿಹಾರಕ್ಕೆ ಆದೇಶಿಸುವ ಅಧಿಕಾರ ವಿಶೇಷ ನ್ಯಾಯಾಲಯಕ್ಕಿದೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಬಾಗಿಲೂ ಇದೆ. ಆದರೆ ಬಾಗಿಲು ತಟ್ಟಲು ಕಾಗದ ಬೇಕು. ಆಧಾರ್, ಬ್ಯಾಂಕ್ ಖಾತೆ, ಜಾತಿ ಪ್ರಮಾಣಪತ್ರ. ದೇವದಾಸಿಯ ಮಗಳಾದರೆ ಪ್ರತಿ ಅರ್ಜಿಯಲ್ಲೂ ತಂದೆಯ ಹೆಸರಿನ ಖಾಲಿ ಜಾಗ ಅವಳನ್ನು ಕುಕ್ಕುತ್ತದೆ. 2025ರಲ್ಲಿ ನಮ್ಮ ವಿಧಾನಮಂಡಲ ಅಂಗೀಕರಿಸಿದ ಹೊಸ ದೇವದಾಸಿ ಮಸೂದೆ ತಂದೆಯ ಹೆಸರಿನ ಕಡ್ಡಾಯವನ್ನು ತೆಗೆಯಲು ಹೊರಟಿತು. ಸಣ್ಣ ಬದಲಾವಣೆಯಂತೆ ಕಾಣಬಹುದು. ಆ ಗೆರೆಯ ಮುಂದೆ ಪೆನ್ನು ಹಿಡಿದು ನಿಂತವರನ್ನು ಕೇಳಿ ನೋಡಿ.

ನ್ಯಾಯಾಲಯದ ಮಾತಿಗೆ ಬಂದರೆ, ಮಗುವಿನ ಸಾಕ್ಷ್ಯವನ್ನು ಮೂವತ್ತು ದಿನದೊಳಗೆ ದಾಖಲಿಸಬೇಕು, ವಿಚಾರಣೆಯನ್ನು ಸಾಧ್ಯವಾದಷ್ಟೂ ಒಂದು ವರ್ಷದಲ್ಲಿ ಮುಗಿಸಬೇಕು ಎಂದು ಪೋಕ್ಸೊ ಹೇಳುತ್ತದೆ. ನಡೆಯುವುದು ಹಾಗಲ್ಲ. ಹದಿನೈದಕ್ಕೆ ಬಿಡುಗಡೆಯಾದವಳನ್ನು ಇಪ್ಪತ್ತಕ್ಕೆ ಕರೆಸಿ, ಯಾವ ಬಣ್ಣದ ಬಾಗಿಲು, ಎಷ್ಟು ಗಂಟೆ, ಯಾರು ಮೊದಲು ಬಂದರು ಎಂದು ಕೇಳುತ್ತಾರೆ. ಒಂದು ಉತ್ತರ ತಪ್ಪಿದರೆ ಇಡೀ ಮಾತೇ ಸುಳ್ಳಾಗುತ್ತದೆ. 2025ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಪೀಣ್ಯ ಠಾಣೆಯ ಪ್ರಕರಣವೊಂದರಲ್ಲಿ ಶಿಕ್ಷೆಯನ್ನು ಎತ್ತಿಹಿಡಿದ ಸುಪ್ರೀಂ ಕೋರ್ಟ್, ಇಂಥ ಮಗುವನ್ನು ಗಾಯಗೊಂಡ ಸಾಕ್ಷಿಯಂತೆ ನೋಡಬೇಕು, ಸಣ್ಣಪುಟ್ಟ ವ್ಯತ್ಯಾಸಗಳಿಗಾಗಿ ಅವಳ ಮಾತನ್ನು ತಳ್ಳಿಹಾಕಬಾರದು ಎಂದು ಹೇಳಿದೆ. ಪ್ರತಿ ಜಿಲ್ಲಾ ನ್ಯಾಯಾಲಯದಲ್ಲೂ ಇದು ನೆನಪಿರಬೇಕು. ಗಲ್ಲು ಶಿಕ್ಷೆ ಬೇಕೆಂದು ಕೂಗುವವರಿಗೂ ನನ್ನದೊಂದು ಮಾತಿದೆ: ಶಿಕ್ಷೆಯ ಪ್ರಮಾಣ ಏರಿಸಿದಷ್ಟು ಸುಲಭವಲ್ಲ ಸಾಕ್ಷಿಯನ್ನು ಐದು ವರ್ಷ ಕಾಪಾಡುವುದು. ಅಪರಾಧಿ ಹೆದರುವುದು ಮಾತ್ರ ಅದಕ್ಕೇ.

ಸಾಗಣೆಗೆ ಮುಂಚೆಯೇ ತಡೆಯಬಲ್ಲವರಲ್ಲಿ ಮೊದಲಿಗರು ಶಾಲೆಯ ಮೇಷ್ಟ್ರು, ಮೇಡಂ. ಏಳನೇ ತರಗತಿಯ ಹುಡುಗಿ ಹದಿನೈದು ದಿನ ಬಾರದಿದ್ದರೆ ಅವಳ ಮನೆಗೆ ಹೋಗಬೇಕು, ಅನುಮಾನ ಬಂದರೆ 1098ಕ್ಕೆ ಫೋನ್ ಮಾಡಬೇಕು. ಹಾಜರಿ ಪುಸ್ತಕದಲ್ಲಿ ಸೊನ್ನೆ ಹಾಕಿ ಕೂರಬಾರದು. ಮುಂದೊಂದು ದಿನ ಅವಳ ವಯಸ್ಸನ್ನು ಸಾಬೀತು ಮಾಡುವುದೂ ಆ ಶಾಲೆಯ ದಾಖಲೆಯೇ. ಮೂಳೆಯ ಎಕ್ಸ್‌ರೇಯ ಸರದಿ ಕಾನೂನಿನಲ್ಲಿ ಅದರ ನಂತರ ಬರುತ್ತದೆ.

ಇನ್ನು ನಮ್ಮ ನಿಮ್ಮ ಪಾಲು. ಹದಿನೆಂಟು ತುಂಬಿದ ಮೇಲೆ ಹುಡುಗಿ ಬಾಲಮಂದಿರದಲ್ಲಿ ಇರುವಂತಿಲ್ಲ. ಇಪ್ಪತ್ತೊಂದರವರೆಗೆ ಅನುಪಾಲನೆಗೆ ಕಾನೂನಿನಲ್ಲಿ ಅವಕಾಶವಿದ್ದರೂ ಅದು ಎಲ್ಲರಿಗೂ ಸಿಗುವುದಿಲ್ಲ. ಅವಳು ಒಂದು ಬ್ಯಾಗು ಹಿಡಿದು, ಯಾವುದೋ ಅಂಗಡಿಯಲ್ಲಿ ಕೆಲಸ ಹಿಡಿದು, ಬಾಡಿಗೆಗೆ ಕೋಣೆ ಹುಡುಕುತ್ತಾಳೆ. ಒಂದು ಸಂಜೆ ನಿಮ್ಮ ಮನೆಯ ಗೇಟಿನ ಮುಂದೆಯೂ ನಿಲ್ಲಬಹುದು. ಜೊತೆಗೆ ಅಪ್ಪ ಅಮ್ಮ ಇರುವುದಿಲ್ಲ. ಊರು ಯಾವುದು ಎಂದರೆ ತಡವರಿಸುತ್ತಾಳೆ. ಇಷ್ಟು ದಿನ ಎಲ್ಲಿದ್ದೆ, ಯಾಕೆ ಒಬ್ಬಳೇ ಎಂದು ಕೆದಕಬೇಡಿ. ಬಾಡಿಗೆ ಎಷ್ಟೆಂದು ಹೇಳಿ, ನೀರು ಬರುವ ಹೊತ್ತು ಹೇಳಿ, ಬೀಗದ ಕೈ ಅವಳ ಕೈಗೆ ಕೊಡಿ.