ಆ 15 ದಿನ ಎಲ್ಲಿ ಹೋದವು, ಸಾಹೇಬರೇ?



ನಮ್ಮೂರ ಕಲ್ಲಿನ ಶಾಲೆಯ ವಿಷಯ ತಮಗೆ ಹೊಸದಲ್ಲ. ಭೂಮಿ ನಡುಗಿದ್ದು, ಮೂಲೆ ಬಿರಿದದ್ದು, ಮಕ್ಕಳು ಬೇವಿನ ಮರದ ಕೆಳಗೆ ಕೂತದ್ದು ಎಲ್ಲರಿಗೂ ಗೊತ್ತು. ಮೂರು ಅರ್ಜಿ ಕೊಟ್ಟೆವು. ಎರಡು ಸಲ ತಮ್ಮ ಕಚೇರಿಗೆ ಬಂದು ಸಂಜೆತನಕ ಕಾದು ಬಸ್ ಹತ್ತಿದೆವು. ಈಗ ಬಹಿರಂಗವಾಗಿ ಬರೆಯುತ್ತಿದ್ದೇನೆ.

ಅಂದು ತಾವೇ ಶಾಲೆಯ ಅಂಗಳದಲ್ಲಿ ನಿಂತು, “15 ದಿನದೊಳಗೆ ಎಂಜಿನಿಯರ್ ಬಂದು ಗೋಡೆ ಪರೀಕ್ಷೆ ಮಾಡುತ್ತಾರೆ, ಅಲ್ಲಿತನಕ ಒಂದು ಮಗುವೂ ಒಳಗೆ ಹೋಗಬಾರದು” ಎಂದಿರಿ. ಎಂಜಿನಿಯರ್ ಬರಲಿಲ್ಲ. ಇಬ್ಬರು ಆಳು ಬಂದು ಬಿರುಕಿಗೆ ಸಿಮೆಂಟ್ ಮೆತ್ತಿ, ಸುಣ್ಣ ಬಳಿದು ಹೋದರು. ಮರುದಿನವೇ ಶಾಲೆಯವರು ಮಕ್ಕಳನ್ನು ಒಳಗೆ ಕೂರಿಸಿದರು. ಅವರಲ್ಲಿ ನನ್ನ ಮೊಮ್ಮಗಳೂ ಇದ್ದಾಳೆ.

ನಾನು ಗೌಂಡಿ. ಎರಡಡಿ ದಪ್ಪದ ಗೋಡೆಗೆ ಏನಾಗುತ್ತದೆ ಎಂದು ಕಚೇರಿಯಲ್ಲಿ ಕೇಳಿದರು. ಸಾಹೇಬರೇ, ಅದು ಒಂದು ಗೋಡೆಯಲ್ಲ, ಎರಡು. ಹೊರಗೊಂದು ಸಾಲು ಕಲ್ಲು, ಒಳಗೊಂದು ಸಾಲು, ನಡುವೆ ಚೂರುಗಲ್ಲು, ಮಣ್ಣು. ಎರಡನ್ನೂ ಬಿಗಿಹಿಡಿಯುವ ಉದ್ದಗಲ್ಲು ಒಂದೂ ಇಲ್ಲ. ನೆಲ ಅಲುಗಿದಾಗ ಎರಡು ಸಾಲೂ ಬೇರೆಬೇರೆ ಆಡುತ್ತವೆ, ನಡುವಿನ ಮಣ್ಣು ಕುಸಿದು ಒತ್ತುತ್ತದೆ, ಗೋಡೆ ಹೊಟ್ಟೆ ಬಿಡುತ್ತದೆ. ಉತ್ತರದ ಕಿಟಕಿಯ ಕೆಳಗೆ ದಾರ ಹಿಡಿದು ನೋಡಿದೆ, ಮೂರು ಬೆರಳು ಹೊರಗೆ ಬಂದಿದೆ. ಸುಣ್ಣ ಬಳಿದವರ ಕೈಗೂ ಅದು ತಾಕಿರಲೇಬೇಕು. ಮೇಲೆ ಒಂದೂವರೆ ಅಡಿ ಮಣ್ಣು ಹೊತ್ತ ಮಾಳಿಗೆ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಕಳಿಸಿ ಮಲಗಿದ್ದ ಮಹಾರಾಷ್ಟ್ರದ ಕಿಲ್ಲಾರಿಯ ಜನರ ಮೇಲೆ ಬಿದ್ದದ್ದು ಇಂಥದೇ ಗೋಡೆ, ಇಂಥದೇ ಮಾಳಿಗೆ. ಕಂಪನದ ತೀವ್ರತೆ 6.2. ಸತ್ತವರು ಹತ್ತಿರ ಹತ್ತಿರ 10,000. ಆಮೇಲೆ ಅಲ್ಲಿ ಕೆಲಸಕ್ಕೆ ಹೋದವರಲ್ಲಿ ನಾನೂ ಒಬ್ಬ. ನಿಂತ ಗೋಡೆಗೆ ಆರಪಾರ ತೂತು ಮಾಡಿ, ಕೊಕ್ಕೆ ಸರಳಿಟ್ಟು, ಕಾಂಕ್ರೀಟ್ ತುಂಬಿ ಎರಡು ಸಾಲನ್ನೂ ಜೋಡಿಸುವುದನ್ನು ಅಲ್ಲೇ ಕಲಿತೆ. ಇದನ್ನೇ ಅರ್ಜಿಯಲ್ಲಿ ಚಿತ್ರ ಬರೆದು ಕೊಟ್ಟಿದ್ದೆ. ತೆರೆದಾದರೂ ನೋಡಿದಿರಾ?

“ನಮ್ಮ ಕಡೆ ದೊಡ್ಡದು ಆಗುವುದಿಲ್ಲ” ಎಂದರು ನಿಮ್ಮವರು. ಕಿಲ್ಲಾರಿಯೂ ಅಂದಿನ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ವಲಯದಲ್ಲೇ ಇತ್ತು. ಅದನ್ನು ಮೂರನೆಯ ವಲಯಕ್ಕೆ ಸೇರಿಸಿದ್ದು 2002ರಲ್ಲಿ, ಅಷ್ಟು ಜನ ಮಣ್ಣಾದ ಮೇಲೆ. 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ ನೆಲ ನಡುಗಿ ಜನ ಮನೆಯೊಳಗೆ ಮಲಗಲು ಹೆದರಿ ಹೊರಗೆ ರಾತ್ರಿ ಕಳೆದದ್ದು ನಿಮಗೆ ನೆನಪಿಲ್ಲವೇ?

ನಮ್ಮ ಶಾಲೆಯೊಂದೇ ಅಲ್ಲ. ಹೊಸ ಅಂಗನವಾಡಿಗೂ ಬಾಗಿಲು ಕಿಟಕಿಯ ಮೇಲೆ ಸುತ್ತ ಹೋಗುವ ಕಾಂಕ್ರೀಟ್ ಪಟ್ಟಿಯಿಲ್ಲ, ಮೂಲೆಗೆ ಸರಳಿಲ್ಲ. ಬಿಲ್ಲು ಮಾತ್ರ ಪಾಸಾಗಿದೆ. ಸಹಿ ಹಾಕುವವರು ಯಾರೂ ಗೋಡೆ ಮುಟ್ಟಿ ನೋಡುವುದಿಲ್ಲ. ಬಡವರ ಮಕ್ಕಳು ಕೂರುವ ಜಾಗಕ್ಕೆ ಸುಣ್ಣ ಸಾಕು ಎಂದು ನಿಮಗೆ ಯಾರು ಹೇಳಿದರು?

15 ದಿನ ಎಂದಿರಿ. ಇಂದಿಗೆ 72. ಸೋಮವಾರದಿಂದ ಮಕ್ಕಳು ಮತ್ತೆ ಬೇವಿನ ಮರದ ಕೆಳಗೇ ಕೂರುತ್ತಾರೆ, ತಾಯಂದಿರು ಹಾಗೆಂದು ತೀರ್ಮಾನಿಸಿದ್ದಾರೆ. ಎಂಜಿನಿಯರನ್ನು ಕಳಿಸಿ. ತೂಗುಗುಂಡು ಹಿಡಿದು ನಾನು ಅಲ್ಲೇ ಇರುತ್ತೇನೆ.

ಇತಿ,
ಶಾಲೆಯ ಮಗುವೊಂದರ ಅಜ್ಜ