ಕ್ಯಾಮೆರಾ ಕಪಾಟಿನಲ್ಲಿ, ಕಣ್ಣು ಮುಂದಿನ ಮಾಡೆಲ್ ಮೇಲೆ

ಮೊನ್ನೆ ಭಾನುವಾರ ಬೆಳಿಗ್ಗೆ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ನಮ್ಮ ವಾಕಡದ ಸೊಸೈಟಿ ಗೇಟು ದಾಟುತ್ತಿದ್ದೆ. ನಮ್ಮ ವಿಂಗಿನ ಹುಡುಗ ಎದುರಾದ. ಹುಬ್ಬಳ್ಳಿ ಕಡೆಯವನು, ಹಿಂಜವಡಿಯಲ್ಲಿ ಕೆಲಸ.

"ಕಾಕಾ, ಇನ್ನೂ ಅದನ್ನ ಇಟ್ಕೊಂಡೀರಿ? ಫುಲ್ ಫ್ರೇಮ್ ತಗೋರಿ ಇನ್ನ. ಇಎಂಐ ಐತಲ್ಲ..."

"ನಿಂದು ಎಲ್ಲೈತಪಾ?"

"ಕಪಾಟಿನ್ಯಾಗ ಐತ್ರಿ. ಟೈಮ್ ಎಲ್ಲಿ ಸಿಗತೈತಿ!"

ಈ ಕಪಾಟಿನ ಬಗ್ಗೆಯೇ ಬರೆಯಬೇಕು ಅಂತ ಕೂತಿದ್ದೇನೆ. ಪುಣೆಯ ಕನ್ನಡಿಗರ ಮನೆಗಳಲ್ಲಿ ಇಂಥ ಕಪಾಟು ಎಷ್ಟಿವೆಯೋ, ಓದುವ ನೀವೇ ಎದ್ದು ನೋಡಿ.

ನಾನು ಬಿಕಾಂ ಮನುಷ್ಯ, ಕಲೆ ಗಿಲೆ ಗೊತ್ತಿಲ್ಲ. ಲೆಕ್ಕ ಗೊತ್ತು. ನನ್ನದು ನಿಕಾನ್ ಝಡ್ 50, 2019ರಲ್ಲಿ ಮಾರುಕಟ್ಟೆಗೆ ಬಂದ ಮಧ್ಯಮ ದರ್ಜೆಯ ಮಿರರ್‌ಲೆಸ್. ಎರಡು ಲೆನ್ಸು ಸೇರಿ ಕೊಟ್ಟಿದ್ದು 95 ಸಾವಿರ. ಇದುವರೆಗೆ ಒತ್ತಿದ ಶಟರ್ ಹತ್ತಿರ ಹತ್ತಿರ 19 ಸಾವಿರ. ಅಂದರೆ ಒಂದು ಫೋಟೋಕ್ಕೆ ಐದು ರೂಪಾಯಿ. ಹುಡುಗನದು ಲೆನ್ಸು ಸೇರಿ ಮೂರು ಲಕ್ಷ, ಒತ್ತಿದ್ದು ಸಾವಿರ. ಫೋಟೋಕ್ಕೆ 300 ರೂಪಾಯಿ! ಬ್ಯಾಂಕಿನಲ್ಲಿ 90 ದಿನ ಕಂತು ಬರದಿದ್ದರೆ ಸಾಲವನ್ನು ಎನ್‌ಪಿಎ ಅಂತೀವಿ. 90 ದಿನ ಶಟರ್ ಒತ್ತದ ಕ್ಯಾಮೆರಾಕ್ಕೆ ಏನನ್ನಬೇಕು ಸ್ವಾಮಿ?

ಇನ್ನು ಆ ಇಎಂಐ. ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲೇ ಸುತ್ತೋಲೆ ಹೊರಡಿಸಿತು. ಈಗ ಅದೇ 'ನೋ ಕಾಸ್ಟ್' ಎಂಬ ಹೊಸ ಅಂಗಿ ತೊಟ್ಟು ಬಂದಿದೆ. ನಿಮಗೆ ಸಿಗಬೇಕಾದ ರಿಯಾಯಿತಿಯನ್ನೇ ಬಡ್ಡಿಗೆ ಹೊಂದಿಸುತ್ತಾರೆ, ಆ ಬಡ್ಡಿಯ ಮೇಲೆ 18% ಜಿಎಸ್‌ಟಿ ಬೇರೆ. ಕ್ಯಾಮೆರಾದ ಮೇಲಿನ ಜಿಎಸ್‌ಟಿ 2019ರ ಜನವರಿಯಲ್ಲಿ 28ರಿಂದ 18ಕ್ಕೆ ಇಳಿಯಿತಲ್ಲ, ಆ ಉಳಿತಾಯವೂ ದೊಡ್ಡ ಮಾಡೆಲ್ಲಿನ ಆಸೆಗೇ ಹೋಯಿತು.

ಫುಲ್ ಫ್ರೇಮ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅದರ ಸೆನ್ಸರ್ 36×24 ಮಿ.ಮೀ., ನನ್ನದು ಸುಮಾರು 23.5×15.7. ವಿಸ್ತೀರ್ಣದಲ್ಲಿ ಎರಡು ಪಟ್ಟಿಗಿಂತ ಹೆಚ್ಚು. ಕತ್ತಲಲ್ಲಿ ಒಂದು ಸ್ಟಾಪಿಗಿಂತ ತುಸು ಜಾಸ್ತಿ ಲಾಭ ಉಂಟು. ಮದುವೆ ಫೋಟೋ ತೆಗೆದು ಹೊಟ್ಟೆ ಹೊರೆಯುವವನು ಕೊಳ್ಳಲಿ, ಅವನಿಗೆ ಅದು ಬಂಡವಾಳ. ನಮಗೆ? ಇನ್ನೊಂದು ಮಾತು ಕೇಳಿ. 2024ರ ನವೆಂಬರಿನಲ್ಲಿ ನನ್ನ ಕ್ಯಾಮೆರಾದ ಎರಡನೇ ಆವೃತ್ತಿ ಬಂತು. ಫೋಕಸ್ ಚುರುಕಾಗಿದೆ, ಪ್ರೊಸೆಸರ್ ಹೊಸದು, ಒಪ್ಪಿದೆ. ಆದರೆ ಮೆಗಾಪಿಕ್ಸೆಲ್? ಮೊದಲಿದ್ದ 20.9, ಈಗಲೂ 20.9. ಕಂಪನಿಗೇ ಐದು ವರ್ಷ ಸಾಕಾದದ್ದು ನನಗೆ ಸಾಲದೇ?

"ಹಾಗಾದ್ರೆ ಮೊಬೈಲೇ ಸಾಕಲ್ಲ" ಅನ್ನುವವರು ಈಗ ಎದ್ದು ನಿಲ್ಲುತ್ತಾರೆ. ನಿಲ್ಲಿ, ನಿಮಗೂ ಉತ್ತರ ಇದೆ. ಅದಕ್ಕೆ ಸ್ವಲ್ಪ ಊರಿಗೆ ಹೋಗಬೇಕು.

ನಮ್ಮದು ಬಾಗಲಕೋಟೆ, ಹಳೇ ಊರು. ಆಲಮಟ್ಟಿಯ ಹಿನ್ನೀರು 519.60 ಮೀಟರಿಗೆ ನಿಲ್ಲುವ ಹೊತ್ತಿಗೆ ಎಷ್ಟೋ ಮನೆಗಳು ಹೋದವು, ನಮ್ಮದೂ ಹೋಯಿತು. ಜನ ನವನಗರಕ್ಕೆ ಬಂದರು, ಕೆಲವರು ನನ್ನ ಹಾಗೆ ಪುಣೆಗೆ. ಆ ಮನೆಯದು ಅಂತ ನನ್ನ ಹತ್ತಿರ ಇರುವುದು ಒಂದೇ ಫೋಟೋ, ಅಕ್ಕನ ಮದುವೆಯದು. ಅದರಲ್ಲಿ ಬಾಗಿಲಿಗೆ ಅಡ್ಡವಾಗಿ ನಾಲ್ಕು ಜನ ಬೀಗರು ನಿಂತಿದ್ದಾರೆ. ಚೌಕಟ್ಟಿನ ಮೇಲೆ ಏನೋ ಕೆತ್ತನೆ ಇತ್ತು. ಗಿಳಿಯೋ, ನವಿಲೋ? ಮಗಳು ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ಆಗ ನಮ್ಮ ಮನೆಯಲ್ಲಿ ಕ್ಯಾಮೆರಾ ಇರಲಿಲ್ಲ, ಇರಲಿ ಬಿಡಿ. ಈಗ ಇದೆಯಲ್ಲ?

ಆಣೆಕಟ್ಟನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ಎರಡನೇ ನ್ಯಾಯಮಂಡಳಿ 2010ರಲ್ಲೇ ಒಪ್ಪಿದೆ. 2025ರ ಸೆಪ್ಟೆಂಬರಿನಲ್ಲಿ ಕರ್ನಾಟಕದ ಸಂಪುಟ ಮುಳುಗಡೆ ಜಮೀನಿಗೆ ಪರಿಹಾರದ ದರವನ್ನೂ ತೀರ್ಮಾನಿಸಿತು. ಬೀಳಗಿ ಕಡೆಯ ನಮ್ಮ ಸೋದರಮಾವನ ಹಳ್ಳಿ ಆ ಅಂಚಿನಲ್ಲಿದೆ. ಸುದ್ದಿ ಓದಿದ ದಿನವೇ ಮಾವನ ಮಗನಿಗೆ ಫೋನು ಮಾಡಿ, ಮನೆಯ ಫೋಟೋ ಕಳಿಸಪಾ ಅಂದೆ. ಪಾಪ, ಅರ್ಧ ಗಂಟೆಯಲ್ಲಿ ಮೂವತ್ತು ಫೋಟೋ ವಾಟ್ಸಾಪಿಗೆ ಬಂದವು. ಫೋನಿನ ತೆರೆಯ ಮೇಲೆ ಬಹಳ ಚೆಂದ! ಪ್ರಿಂಟಿಗೆ ಒಯ್ದೆ. ಲ್ಯಾಬಿನವನು ತಲೆ ಅಲ್ಲಾಡಿಸಿದ. ಉದ್ದ ಬದಿಗೆ 1600 ಪಿಕ್ಸೆಲ್. 12×18 ಇಂಚಿಗೆ ಹಿಗ್ಗಿಸಿದರೆ ಇಂಚಿಗೆ 89 ಚುಕ್ಕಿ, ಬೇಕಾದದ್ದು 300. ಎಚ್‌ಡಿ ಕಳಿಸುವ ಸೌಲಭ್ಯ 2023ರಿಂದ ಇದೆ ನಿಜ, ಒತ್ತುವವರು ಯಾರು? ಮೂಲ ಫೋಟೋ ಕಳಿಸು ಅಂದರೆ ಅಷ್ಟರಲ್ಲಿ ಮೆಮೊರಿ ಫುಲ್ ಆಗಿ ಡಿಲೀಟ್ ಮಾಡಿದ್ದನಂತೆ.

ದೀಪಾವಳಿಗೆ ನಾನೇ ಹೋದೆ. ಮೂರು ದಿನ, ನಾನೂರು ಫೋಟೋ. ನನ್ನ ಕ್ಯಾಮೆರಾದ ಕೊರತೆಗಳೆಲ್ಲ ಅಲ್ಲಿ ಹೊರಬಿದ್ದವು, ಮುಚ್ಚಿಡುವುದಿಲ್ಲ. ಕಿಟ್ ಲೆನ್ಸು ಕತ್ತಲಿಗೆ ಹೆದರುತ್ತದೆ. ಬಾಡಿಯೊಳಗೆ ಸ್ಥಿರೀಕರಣ ಇಲ್ಲ, ಇದ್ದರೆ ಲೆನ್ಸಿನಲ್ಲೇ. ಬ್ಯಾಟರಿ ಮುನ್ನೂರಕ್ಕೆ ಸುಸ್ತು. ಲೆನ್ಸು ಬದಲಿಸುವಾಗ ಮುಂದೆ ಕನ್ನಡಿ ಇಲ್ಲವಲ್ಲ, ಹಳ್ಳಿಯ ಧೂಳೆಲ್ಲ ಸೆನ್ಸರಿನ ಮೇಲೆ. ಆದರೆ ಎರಡು ಸಾವಿರದ ಟ್ರೈಪಾಡು ಕತ್ತಲಿನ ತಂಟೆ ಮುಗಿಸಿತು. ಪಡಸಾಲೆಯಲ್ಲಿ ಕ್ಯಾಮೆರಾ ನಿಲ್ಲಿಸಿ, ಐಎಸ್‌ಒ 100ಕ್ಕೆ ಇಳಿಸಿ, ಎರಡು ಸೆಕೆಂಡ್ ತೆರೆದರೆ ಕಣ್ಣಿಗೇ ಕಾಣದ್ದು ಕಂಡಿತು. 16 ಮಿ.ಮೀ.ಗೆ ಇಡೀ ಕೋಣೆ. ಗುಡಿಯ ಶಿಖರಕ್ಕೆ ದೊಡ್ಡ ಲೆನ್ಸು. ಅರ್ಧ ಕೆಜಿಯೂ ಇಲ್ಲದ ಬಾಡಿ, ಐವತ್ತು ದಾಟಿದ ನನ್ನ ಹೆಗಲಿಗೆ ಅದೂ ಒಂದು ಲಾಭ.

ತಿರುಗಿ ಬಂದು 12×18ರಲ್ಲಿ ಪ್ರಿಂಟು ಹಾಕಿಸಿದೆ. 5568 ಪಿಕ್ಸೆಲ್, 18 ಇಂಚು, ಇಂಚಿಗೆ 309. ಲೆಕ್ಕ ತಾಳೆ! ಡಿಸೆಂಬರಿನಲ್ಲಿ ಮಾವನ ಕೈಗೆ ಕೊಟ್ಟೆ. ಒಂದೊಂದೇ ತಿರುವಿ, ಅಡಿಗೆಮನೆಯ ಫೋಟೋಕ್ಕೆ ಬಂದು ನಿಂತ. ಕನ್ನಡಕ ಹಾಕಿಕೊಂಡ.

"ಇದು ನಿಮ್ಮ ಅತ್ತಿ ಬರದದ್ದಲ್ಲೋ..."

ಒಲೆಯ ಪಕ್ಕದ ಗೋಡೆಯ ಮೇಲೆ ಇದ್ದಲಿಯಲ್ಲಿ ಹಾಲಿನ ಲೆಕ್ಕ. ಅತ್ತೆ ಹೋಗಿ ಒಂಬತ್ತು ವರ್ಷ. ಅರ್ಧ ಲೀಟರಿಗೆ ಒಂದು ಗೀಟು, ಎಮ್ಮೆ ಬತ್ತಿದ ದಿನಕ್ಕೆ ಸೊನ್ನೆ. ವಾಟ್ಸಾಪಿನಲ್ಲಿ ಬಂದ ಫೋಟೋದಲ್ಲಿ ಅದು ಒಂದು ಕಪ್ಪು ಕಲೆ. ಪ್ರಿಂಟಿನಲ್ಲಿ ಗೀಟು ಎಣಿಸಬಹುದಿತ್ತು. ಮಾವ ಎಣಿಸಿದ. ಒಂದು ತಿಂಗಳಿನ ಕೂಡಿಕೆಯಲ್ಲಿ ಅತ್ತೆ ಎರಡು ಲೀಟರ್ ತಪ್ಪಿದ್ದಳಂತೆ!

ಅದೇ ಮನೆಯ ಮೇಲೆ ಮೂರು ಲಕ್ಷದ ಕ್ಯಾಮೆರಾ ಹಿಡಿದಿದ್ದರೂ ಬರುತ್ತಿದ್ದದ್ದು ಅದೇ ಗೀಟು. ಕಪಾಟಿನಲ್ಲಿದ್ದರೆ ಅದೂ ಬರುತ್ತಿರಲಿಲ್ಲ. ನಿಮ್ಮೂರಿಗೆ ಆಣೆಕಟ್ಟಿನ ನೀರು ಬರದೇ ಇರಬಹುದು. ಆದರೆ ಅಣ್ಣ ಮನೆ ಕೆಡವಿ ಆರ್‌ಸಿಸಿ ಹಾಕಿಸುತ್ತಾನೆ, ತೋಟ ಸೈಟು ಆಗುತ್ತದೆ, ರಸ್ತೆ ಅಗಲವಾಗುತ್ತದೆ. ಇವು ಯಾವುವೂ ನಿಮ್ಮ ಮುಂದಿನ ಮಾಡೆಲ್ಲಿಗೆ ಕಾಯುವುದಿಲ್ಲ.

ಊರು ದೂರವಾದರೆ ಇಲ್ಲಿ ಏನು ಕಡಿಮೆ? ಚೈತ್ರ ಹುಣ್ಣಿಮೆಗೆ ಹಿಂಜವಡಿಯಿಂದ ವಾಕಡಕ್ಕೆ ಮ್ಹಾತೋಬಾನ ಬಗಾಡ ಬರುತ್ತದೆ. ನಮ್ಮ ಕಡೆ ಸಿಡಿ ಅಂತೀವಲ್ಲ, ಅದರ ಅಣ್ಣತಮ್ಮ. ಗಾಜಿನ ಕಟ್ಟಡಗಳ ನಡುವೆ ಆ ಮರದ ಗಾಡಿ ಬರುವುದನ್ನು ನಮ್ಮ ಸೊಸೈಟಿಯವರು ಟ್ರಾಫಿಕ್ ಜಾಮ್ ಅಂತ ಬೈಯುತ್ತಾ ಬಾಲ್ಕನಿಯಿಂದ ನೋಡುತ್ತಾರೆ.

ಹೋಳಿಗೆ ಬಾಗಲಕೋಟೆಗೆ ಹೊರಟಿದ್ದೇನೆ. ಹಲಗಿ ಮೇಳ, ಸೋಗಿನ ಬಂಡಿ, ಬಣ್ಣದ ಬಂಡಿ ಎಲ್ಲ ಇರುತ್ತದೆ. ಕ್ಯಾಮೆರಾಕ್ಕೆ ಪ್ಲಾಸ್ಟಿಕ್ ಕವರು, ರಬ್ಬರ್ ಬ್ಯಾಂಡು ತೆಗೆದಿಟ್ಟಾಗಿದೆ. ಕಾರಿನಲ್ಲಿ ಒಂದು ಸೀಟು ಖಾಲಿ ಇದೆ, ಆ ಹುಬ್ಬಳ್ಳಿ ಹುಡುಗನಿಗೆ ಹೇಳಿದ್ದೇನೆ. ಕ್ಯಾಮೆರಾ ಕಪಾಟಿನಿಂದ ತೆಗೆದು ತಂದರೆ ಮಾತ್ರ ಸೀಟು. ಇನ್ನೂ ಉತ್ತರ ಬಂದಿಲ್ಲ.