ಆರೋಗ್ಯ ಚಿಂತನ: ದೇಹದ ಕಾವಲೂ ಸಕ್ಕರೆ ಕಾಯಿಲೆಯೂ

ಲೋಕಿಕೆರೆಯ ಸೋದರಿಯೊಬ್ಬರು ಈ ಅಂಕಣಕ್ಕೆ ಪತ್ರ ಬರೆದು ಎರಡು ಪ್ರಶ್ನೆಗಳನ್ನು ಮುಂದಿಟ್ಟಿದ್ದಾರೆ. ಅವರ ಅತ್ತೆಯವರಿಗೆ ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ. ಮಾತ್ರೆ ತಪ್ಪಿಸುವುದಿಲ್ಲ, ಸಿಹಿ ಮುಟ್ಟುವುದಿಲ್ಲ. ಆದರೂ ಈಚೆಗೆ ಸಕ್ಕರೆ ಹತೋಟಿಗೆ ಬರುತ್ತಿಲ್ಲ. ವಸಡಿನಲ್ಲಿ ರಕ್ತ ಒಸರುತ್ತದೆ, ಹಲ್ಲುಗಳು ಅಲುಗಾಡುತ್ತಿವೆ. ಅದೇ ಮನೆಯ ಹನ್ನೊಂದು ವರ್ಷದ ಬಾಲಕನಿಗೆ ಕಳೆದ ವರ್ಷದಿಂದ ಇನ್ಸುಲಿನ್ ಚುಚ್ಚುಮದ್ದು ನಡೆದಿದೆ. "ಅಜ್ಜಿಯ ಕಾಯಿಲೆಯೇ ಮೊಮ್ಮಗನಿಗೆ ಬಂದಿದೆ. ಅಜ್ಜಿಗೆ ಮಾತ್ರೆ ಸಾಕಾದರೆ ಮಗುವಿಗೆ ಸೂಜಿ ಏಕೆ? ನಾಟಿ ಔಷಧ ಕೊಡಿಸಿ, ಸೂಜಿ ಬಿಡಿಸಿ" ಎಂದು ಬಂಧುಗಳು ಒತ್ತಾಯಿಸುತ್ತಿದ್ದಾರಂತೆ. ಪ್ರಶ್ನೆಗಳು ಎರಡಾದರೂ ಉತ್ತರದ ಬೇರು ಒಂದೇ ಆಗಿರುವುದರಿಂದ ಈ ತಿಂಗಳು ಅದನ್ನೇ ವಿಚಾರ ಮಾಡೋಣ. ಮಗುವಿನ ಪ್ರಾಣದ ಮಾತಾದುದರಿಂದ ಒಂದನ್ನು ಮೊದಲೇ ಹೇಳಿಬಿಡುತ್ತೇವೆ: ಆ ಬಾಲಕನ ಇನ್ಸುಲಿನ್ನನ್ನು ಒಂದು ದಿನವೂ ನಿಲ್ಲಿಸಕೂಡದು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಇಷ್ಟು ಮನೆಗಳನ್ನು ಹೊಕ್ಕಿರುವ ರೋಗವನ್ನು ನಾವು ಇಂದಿಗೂ ಕೇವಲ ಸಿಹಿಯ ರೋಗವೆಂದೇ ತಿಳಿದಿದ್ದೇವೆ. ಅದರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯ ಪಾತ್ರವೂ ಇದೆ ಎಂಬುದು ಬಹುಮಂದಿಗೆ ತಿಳಿಯದು.

ಗದ್ದೆಯಲ್ಲಿ ಕೆಲಸ ಮಾಡುವಾಗ ಕಾಲಿಗೆ ಮುಳ್ಳು ಚುಚ್ಚಿತೆನ್ನೋಣ. ಕೆಲವೇ ಗಂಟೆಗಳಲ್ಲಿ ಆ ಜಾಗ ಕೆಂಪಾಗಿ, ಬಿಸಿಯಾಗಿ, ಊದಿಕೊಂಡು ನೋಯುತ್ತದೆ. ಇದಕ್ಕೆ ವೈದ್ಯರು ಉರಿಯೂತವೆನ್ನುತ್ತಾರೆ. ರೋಗಾಣುಗಳನ್ನು ಎದುರಿಸಲು ಬಿಳಿಯ ರಕ್ತಕಣಗಳು ಅಲ್ಲಿಗೆ ಧಾವಿಸಿ ಬಂದಿವೆ ಎಂಬುದರ ಗುರುತು ಅದು. ಕೆಲಸ ಮುಗಿದ ಮೇಲೆ ಉರಿ ಆರಬೇಕು, ಊತ ಇಳಿಯಬೇಕು. ಕಾವಲುಗಾರರು ಮನೆಯವರನ್ನೇ ಕಳ್ಳರೆಂದು ಭಾವಿಸಿದರೆ ಒಂದು ಬಗೆಯ ಕಾಯಿಲೆ. ಉರಿ ಆರದೆ ವರ್ಷಗಟ್ಟಲೆ ಒಳಗೇ ಕಾಯುತ್ತಿದ್ದರೆ ಇನ್ನೊಂದು ಬಗೆಯದು.

ಮೊದಲನೆಯದು ಬಾಲಕನ ಕಾಯಿಲೆ. ಹೊಟ್ಟೆಯೊಳಗಿನ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳಿವೆ. ರಕ್ತದಲ್ಲಿರುವ ಸಕ್ಕರೆ ಮಾಂಸಖಂಡಗಳ ಒಳಗೆ ಹೋಗಲು ಇನ್ಸುಲಿನ್ ಕೀಲಿಕೈಯಂತೆ ಬೇಕು. ಕೆಲವು ಮಕ್ಕಳಲ್ಲಿ ರೋಗನಿರೋಧಕ ವ್ಯವಸ್ಥೆಯು ಈ ಜೀವಕೋಶಗಳನ್ನೇ ಹಗೆಯೆಂದು ಬಗೆದು ನಾಶಮಾಡುತ್ತದೆ. ಮಗು ಸಿಹಿ ತಿಂದುದರಿಂದ ಇದು ಬರುವುದಿಲ್ಲ. ಅಜ್ಜಿಯ ಕಾಯಿಲೆಯ ಮುಂದುವರಿಕೆಯೂ ಇದಲ್ಲ. ದೇಹದಲ್ಲಿ ತಯಾರಾಗದ ಇನ್ಸುಲಿನ್ನನ್ನು ಹೊರಗಿನಿಂದ ಕೊಡಲೇಬೇಕು. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಹದಿನಾಲ್ಕು ವರ್ಷದ ಹುಡುಗನೊಬ್ಬನಿಗೆ ಮೊಟ್ಟಮೊದಲು ಈ ಚುಚ್ಚುಮದ್ದು ಕೊಡಲಾಯಿತು. ಅದಕ್ಕೆ ಮುಂಚೆ ಇಂಥ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ. ಇಂದಿಗೂ ಇನ್ಸುಲಿನ್ ನಿಲ್ಲಿಸಿದರೆ ಒಂದೆರಡು ದಿನಗಳಲ್ಲೇ ರಕ್ತದಲ್ಲಿ ಆಮ್ಲ ಸೇರಿ ವಾಂತಿ, ಹೊಟ್ಟೆನೋವು, ಏದುಸಿರು, ಮಂಪರು ಕಾಣಿಸಿಕೊಂಡು ಪ್ರಾಣಕ್ಕೆ ಸಂಚಕಾರವಾಗಬಹುದು. ಈ ಕಾಯಿಲೆ ಬಲಿಯುವುದನ್ನು ಸರಾಸರಿ ಎರಡು ವರ್ಷ ಮುಂದೂಡುವ ಟೆಪ್ಲಿಜುಮ್ಯಾಬ್ ಎಂಬ ಔಷಧಕ್ಕೆ 2022ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅದು ಕೆಲಸ ಮಾಡುವುದೂ ಆ ಕಾವಲುಗಾರರನ್ನು ತಣಿಸುವ ಮೂಲಕವೇ. ಆದರೆ ಅದು ಕೂಡ ಮುಂದೂಡುತ್ತದೆಯೇ ಹೊರತು ಈಗಾಗಲೇ ಬಂದುದನ್ನು ಗುಣಪಡಿಸದು.

ಎರಡನೆಯದು ಅತ್ತೆಯವರ ಕಾಯಿಲೆ. ಇಲ್ಲಿ ಇನ್ಸುಲಿನ್ ಇದ್ದರೂ ದೇಹ ಅದರ ಮಾತು ಕೇಳದು. ಇದರ ಸುಳಿವು ಬಹಳ ಹಿಂದೆಯೇ ಸಿಕ್ಕಿತ್ತು. 1876ರಲ್ಲಿ ಜರ್ಮನಿಯ ವೈದ್ಯ ಎಬ್‌ಸ್ಟೈನ್, 1901ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ವೈದ್ಯ ವಿಲಿಯಮ್‌ಸನ್, ಆಸ್ಪಿರಿನ್ ಗುಂಪಿಗೆ ಸೇರಿದ ಔಷಧ ಕೊಟ್ಟಾಗ ರೋಗಿಗಳ ಮೂತ್ರದಲ್ಲಿ ಸಕ್ಕರೆ ಇಳಿದುದನ್ನು ಕಂಡು ಬರೆದಿಟ್ಟರು. ಕಾರಣ ಮಾತ್ರ ಅವರಿಗೆ ತಿಳಿಯಲಿಲ್ಲ. 1993ರಲ್ಲಿ ಅಮೆರಿಕದ ಬೋಸ್ಟನ್ನಿನ ವಿಜ್ಞಾನಿಗಳು, ಬೊಜ್ಜು ಬೆಳೆದ ಇಲಿಗಳ ಕೊಬ್ಬಿನಿಂದಲೇ ಉರಿಯೂತದ ರಾಸಾಯನಿಕವೊಂದು ಹೊರಡುತ್ತದೆ, ಅದು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿಯಾಗುತ್ತದೆ ಎಂದು ತೋರಿಸಿದರು. ಬೊಜ್ಜಿನ ಕೊಬ್ಬಿನೊಳಗೆ ಕಾವಲು ಕಣಗಳು ಬಂದು ನೆಲೆಸುತ್ತವೆಂಬುದು 2003ರಲ್ಲಿ ತಿಳಿಯಿತು. ಅಂದರೆ ಹೊಟ್ಟೆಯ ಸುತ್ತಲಿನ ಕೊಬ್ಬು ಬೂದಿ ಮುಚ್ಚಿದ ಕೆಂಡದಂತೆ. ಹೊರಗೆ ನೋವಿಲ್ಲ, ಜ್ವರವಿಲ್ಲ; ಒಳಗೆ ಉರಿ ಆರಿಲ್ಲ. "ನಾವು ದಪ್ಪಗಿಲ್ಲವಲ್ಲ" ಎಂದು ಸಮಾಧಾನ ಪಡುವಂತೆಯೂ ಇಲ್ಲ. ನೋಡಲು ತೆಳ್ಳಗಿದ್ದರೂ ಭಾರತೀಯರ ಮೈಯಲ್ಲಿ ಕೊಬ್ಬಿನ ಪಾಲು ಹೆಚ್ಚೆಂಬುದನ್ನು ಪುಣೆಯ ಡಾ. ಯಾಜ್ಞಿಕ್ ಅವರು ತಮ್ಮ ಸಂಶೋಧನೆಯಿಂದ ತೋರಿಸಿಕೊಟ್ಟಿದ್ದಾರೆ.

ಇನ್ನು ವಸಡಿನ ವಿಚಾರ. ವಸಡಿನ ರೋಗವೂ ದೀರ್ಘಕಾಲದ ಉರಿಯೂತವೇ. ಸಕ್ಕರೆ ಏರಿದರೆ ವಸಡು ಕೆಡುತ್ತದೆ; ವಸಡು ಕೆಟ್ಟರೆ ಅಲ್ಲಿನ ಉರಿ ರಕ್ತಕ್ಕೆ ಹಬ್ಬಿ ಸಕ್ಕರೆ ಮತ್ತಷ್ಟು ಏರುತ್ತದೆ. ಹೀಗೆ ಒಂದಕ್ಕೊಂದು ಒತ್ತಾಸೆ. ವಸಡಿಗೆ ಸರಿಯಾದ ಚಿಕಿತ್ಸೆ ಮಾಡಿಸಿದವರಲ್ಲಿ, ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯ ಅಂಕಿ ಸರಾಸರಿ 0.4ರಷ್ಟು ಇಳಿದಿರುವುದು ಅನೇಕ ಪ್ರಯೋಗಗಳಿಂದ ಕಂಡುಬಂದಿದೆ. ಅಂದರೆ 8.4 ಇದ್ದುದು 8ಕ್ಕೆ ಬಂದಂತೆ. ಇದು ಸಣ್ಣ ಲಾಭವಲ್ಲ. ಲೋಕಿಕೆರೆಯವರು ಇದಕ್ಕಾಗಿ ದೂರ ಹೋಗಬೇಕಿಲ್ಲ. ದಾವಣಗೆರೆಯಲ್ಲೇ 1979ರಲ್ಲಿ ಸ್ಥಾಪನೆಯಾದ ಬಾಪೂಜಿ ದಂತ ವೈದ್ಯಕೀಯ ಕಾಲೇಜು, 1991ರಲ್ಲಿ ಆರಂಭವಾದ ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಇವೆ. ಹಲ್ಲು ಬಿದ್ದುಹೋಗುವುದು ವಯಸ್ಸಿನ ಧರ್ಮವೆಂದು ಕೈಚೆಲ್ಲದೆ, ಅತ್ತೆಯವರನ್ನು ಆದಷ್ಟು ಬೇಗ ದಂತವೈದ್ಯರಿಗೆ ತೋರಿಸತಕ್ಕದ್ದು. ಸಕ್ಕರೆ ಕಾಯಿಲೆ ಇರುವುದನ್ನು ಅವರಿಗೆ ಮೊದಲೇ ತಿಳಿಸಬೇಕು. ಸಕ್ಕರೆ ಹತೋಟಿ ತಪ್ಪಲು ಬೇರೆ ಕಾರಣಗಳೂ ಇರಬಹುದಾದ್ದರಿಂದ, ಮಾತ್ರೆಗಳ ಪ್ರಮಾಣದ ಬಗ್ಗೆ ತಮ್ಮ ವೈದ್ಯರನ್ನೂ ಕೇಳಬೇಕು.

ಇದನ್ನೋದಿ ಉರಿಯೂತ ತಗ್ಗಿಸಲು ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುವ ಯೋಚನೆ ಯಾರಿಗೂ ಬಾರದಿರಲಿ. ಅವು ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲವು. ಸಕ್ಕರೆ ಕಾಯಿಲೆಯವರ ಮೂತ್ರಪಿಂಡ ಮೊದಲೇ ಸೂಕ್ಷ್ಮ. 2017ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ, ಉರಿಯೂತವನ್ನು ತಡೆಯುವ ದುಬಾರಿ ಚುಚ್ಚುಮದ್ದೊಂದು ಹೃದಯಾಘಾತವನ್ನು ತಗ್ಗಿಸಿತಾದರೂ ಹೊಸದಾಗಿ ಸಕ್ಕರೆ ಕಾಯಿಲೆ ಬರುವುದನ್ನು ತಡೆಯಲಿಲ್ಲ. ಆದ್ದರಿಂದ ಕೆಂಡವನ್ನು ಆರಿಸುವ ಕೆಲಸವನ್ನು ನಿತ್ಯದ ನಡವಳಿಕೆಯಿಂದಲೇ ಆರಂಭಿಸಬೇಕು.

ಅದಕ್ಕೆ ಮನೆಯಲ್ಲಿ ಮಾಡಬೇಕಾದುದು ಇಷ್ಟು. ಊಟವಾದ ಮೇಲೆ ಹತ್ತು ಹದಿನೈದು ನಿಮಿಷವಾದರೂ ನಡೆಯುವುದು. ಮೈಮುರಿದು ದುಡಿದ ಸ್ನಾಯು ಇನ್ಸುಲಿನ್ನಿನ ಮಾತನ್ನು ಕೇಳುತ್ತದೆ. ತಟ್ಟೆಯಲ್ಲಿ ಅನ್ನದ ಪಾಲನ್ನು ಇಳಿಸಿ ಸೊಪ್ಪು, ತರಕಾರಿ, ಕಾಳುಗಳ ಪಾಲನ್ನು ಏರಿಸುವುದು. ಬೀಡಿ, ಗುಟ್ಕಾ, ಹೊಗೆಸೊಪ್ಪುಗಳನ್ನು ಪೂರ್ಣವಾಗಿ ಬಿಡುವುದು. ರಾತ್ರಿ ಸಾಕಷ್ಟು ನಿದ್ರೆ. ದಿನಕ್ಕೆರಡು ಬಾರಿ ಹಲ್ಲುಜ್ಜುವುದು. ಜಾತ್ರೆಗೆ, ಮಠಕ್ಕೆ ಬರಿಗಾಲಲ್ಲಿ ನಡೆಯುವ ವಾಡಿಕೆಯಿರುವ ಮನೆಗಳಲ್ಲಿ ಪ್ರತಿರಾತ್ರಿ ಹಿರಿಯರ ಅಂಗಾಲನ್ನು ಕಿರಿಯರು ದೀಪದ ಬೆಳಕಿನಲ್ಲಿ ನೋಡುವುದು. ಸಕ್ಕರೆ ಏರಿದವರಲ್ಲಿ ಬಿಳಿಯ ಕಣಗಳ ಕಸುವು ಕುಂದುತ್ತದೆ, ನರಗಳು ಜೋಮು ಹಿಡಿಯುತ್ತವೆ. ಗಾಯವಾದುದು ಅವರಿಗೇ ತಿಳಿಯದೆ ಕಾಲನ್ನೇ ಕಳೆದುಕೊಳ್ಳುವ ಪ್ರಸಂಗ ಬರುತ್ತದೆ.

ಮಗುವಿಗೆ ಜ್ವರ ಬಂದು ಊಟ ಸೇರದಿದ್ದಾಗಲೂ ಇನ್ಸುಲಿನ್ ಬಿಡಬಾರದು. ಜ್ವರದಲ್ಲಿ ಕಾವಲು ಕಣಗಳ ಹೋರಾಟದಿಂದಲೇ ಸಕ್ಕರೆ ಏರುತ್ತದೆ. ಎಷ್ಟು ಕೊಡಬೇಕೆಂಬುದನ್ನು ಅಂದೇ ವೈದ್ಯರಿಂದ ತಿಳಿಯಬೇಕು. ಒತ್ತಾಯ ಮಾಡುವ ಬಂಧುಗಳ ಮೇಲೆ ಸಿಟ್ಟಾಗುವುದು ಬೇಡ. ಮುಂದಿನ ಸಲ ವೈದ್ಯರಲ್ಲಿಗೆ ಹೋಗುವಾಗ ಅವರಲ್ಲಿ ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಕಾರಣ ತಿಳಿದ ಹಿರಿಯರು ಮಗುವಿನ ಸೂಜಿಗೆ ತಾವೇ ಕಾವಲಾಗುತ್ತಾರೆ.